ಮಲಗಿರುವ ಶಾಲೆಯಲ್ಲಿ ಕೇಳಿದ ದನಿ

ಬಸ್ಸು ಇಳಿಸಿ ಹೋದ ಊರು

ಆ ಊರಿನಲ್ಲಿ ನಮ್ಮನ್ನು ಮೊದಲು ಮಾತಾಡಿಸಿದ್ದು ಒಂದು ಯಂತ್ರ.

ಜಪಾನಿನ ಬೆಟ್ಟಗಳ ನಡುವಿನ ಒಂದು ಕಣಿವೆ ಅದು. ನಮ್ಮನ್ನು ಇಳಿಸಿದ ಬಸ್ಸು, ಒಳಗೆ ಇನ್ನೊಬ್ಬ ಪ್ರಯಾಣಿಕನಿಲ್ಲದಿದ್ದರೂ ಮುಂದಿನ ನಿಲ್ದಾಣದ ಹೆಸರನ್ನು ತಾನೇ ಕೂಗಿಕೊಳ್ಳುತ್ತ ತಿರುವಿನಲ್ಲಿ ಮರೆಯಾಯಿತು. ರಸ್ತೆಯ ಎರಡೂ ಬದಿಗೆ ಮನೆಗಳು. ಕಿಟಕಿಗಳಿಗೆ ಒಗೆದ ಪರದೆ, ಬಾಗಿಲಲ್ಲಿ ಹೂವಿನ ಕುಂಡ. ಮನುಷ್ಯರು ಮಾತ್ರ ಇಲ್ಲ. ನಾನು ಹುಟ್ಟಿದ್ದು ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿ. ನಮ್ಮ ಗದ್ದೆ ಬಯಲಲ್ಲಿ ಯಾರೂ ಇಲ್ಲದ ಹೊತ್ತಿನಲ್ಲೂ ದೂರದಲ್ಲೊಂದು ಆಟೋ, ಪಂಪ್‌ಸೆಟ್ಟು, ಯಾರನ್ನೋ ಯಾರೋ ಬೈಯುವ ಸದ್ದು ಇದ್ದೇ ಇರುತ್ತದೆ. ಇಲ್ಲಿ ನನ್ನ ಕಿವಿಯೇ ಕೆಟ್ಟಿತೋ ಎಂದುಕೊಂಡು ಒಮ್ಮೆ ಗಂಟಲು ಕೆರೆದು ನೋಡಿಕೊಂಡೆ.

ಜೊತೆಗಿದ್ದವರು ಅರುಳಪ್ಪ ಮೇಷ್ಟ್ರು. ಮಾರ್ಟಳ್ಳಿಯವರು. ಬೆಟ್ಟದ ಕೆಳಗಿನ ಒಂದು ದೊಡ್ಡ ಶಾಲೆಯ ಹೆಡ್‌ಮಾಸ್ಟರು. ಚಳಿಗೆ ನಡುಗುತ್ತಿದ್ದ ಅವರು ರಸ್ತೆ ಬದಿಯ ಯಂತ್ರಕ್ಕೆ ನಾಣ್ಯ ಹಾಕಿ ಬಿಸಿ ಟೀ ಡಬ್ಬಿ ತೆಗೆದುಕೊಂಡರು. ಬೆನ್ನ ಹಿಂದೆ ಹೆಂಗಸೊಬ್ಬಳು ಮೆತ್ತಗೆ ಏನೋ ಹೇಳಿದಳು. ಮೇಷ್ಟ್ರು ಗಾಬರಿಯಾಗಿ ತಿರುಗಿ ಕೈಮುಗಿದರು. ಅಲ್ಲಿ ಯಾರೂ ಇರಲಿಲ್ಲ.

"ಯಾರೋ ಮಾತಾಡುಸ್ದಂಗಾಯ್ತಲ್ಲ ಮೇಡಂ?"

ನಮ್ಮ ದುಭಾಷಿ ಕೇಯ್ಕೊ ನಕ್ಕಳು. ವಿಶ್ವವಿದ್ಯಾಲಯದಲ್ಲಿ ಹಳ್ಳಿ ಶಾಲೆಗಳ ಬಗ್ಗೆ ಸಂಶೋಧನೆ ಮಾಡುವ ಹುಡುಗಿ, ನಮ್ಮೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. "ಆ ಯಂತ್ರವೇ ಹೇಳಿದ್ದು ಸರ್. ವಂದನೆಗಳು, ಹುಷಾರಾಗಿ ಹೋಗಿ ಬನ್ನಿ ಅಂತ."

ಮೇಷ್ಟ್ರು ಡಬ್ಬಿ ಹಿಡಿದುಕೊಂಡು ಖಾಲಿ ಬೀದಿಯನ್ನು ನೋಡಿದರು. "ಯಾನ ಮೇಡಂ, ಊರ್ಗೂರೇ ಎದ್ದೋಗದೆ. ಈ ಮಿಷನ್ನು ಯಾರ್ನ ಉಷಾರಾಗಿ ಓಗಿ ಅಂತ ಕಳುಸ್ಕೊಡ್ತಾ ಕುಂತದೆ?"

ಕೇಯ್ಕೊಗೆ ಇದನ್ನು ನಾನು ಅನುವಾದಿಸಿ ಹೇಳಲಿಲ್ಲ.

ಹೀಗೆ ಖಾಲಿಯಾದ ಊರುಗಳ ಶಾಲೆಗಳನ್ನು ನೋಡುವುದಕ್ಕೇ ನಾವು ಅಲ್ಲಿಗೆ ಹೋದದ್ದು. ನಾನು ಹನೂರು ತಾಲ್ಲೂಕಿನಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಹೆಸರು ದೊಡ್ಡದು, ಕೆಲಸ ಹತ್ತಾರು ಶಾಲೆ ಸುತ್ತಿ ನೋಡಿ ವರದಿ ಬರೆಯುವುದು. ಮಕ್ಕಳು ಕಡಿಮೆಯಾದ ಸಣ್ಣ ಶಾಲೆಗಳನ್ನು ಏನು ಮಾಡಬೇಕು ಎಂಬುದು ನಮ್ಮಲ್ಲಿಯೂ ತಲೆನೋವು, ಜಪಾನಿನಲ್ಲಿಯೂ ತಲೆನೋವು. ಅಲ್ಲಿಯ ವಿಶ್ವವಿದ್ಯಾಲಯದವರು ಇಂಥ ಶಾಲೆಗಳ ಅನುಭವವಿರುವ ಇಬ್ಬರನ್ನು ಕರೆದಿದ್ದರು. ಹೊರಡುವ ಹಿಂದಿನ ವಾರವಷ್ಟೇ ನಾನೊಂದು ಸಣ್ಣ ಶಾಲೆಯ ವರದಿ ಮುಗಿಸಿ ಕಚೇರಿಗೆ ಕೊಟ್ಟಿದ್ದೆ. ಕಾಡಂಚಿನ ಸೋಲಿಗರ ಪೋಡು, ಇಪ್ಪತ್ತು ಮನೆಗಳ ಕೇರಿ. ಶಾಲೆಯಲ್ಲಿ ಐದು ಮಕ್ಕಳು. ಅವರನ್ನು ಅರುಳಪ್ಪನವರ ಶಾಲೆಗೆ ಸೇರಿಸಿ ದಿನಾ ಜೀಪಿನಲ್ಲಿ ಕರೆತರಬಹುದು ಎಂದು ಬರೆದಿದ್ದೆ. 'ಪೋಷಕರ ಒಪ್ಪಿಗೆ' ಎಂಬ ಕಾಲಮ್ಮಿನಲ್ಲಿ 'ಎಲ್ಲರೂ ಒಪ್ಪಿರುತ್ತಾರೆ' ಎಂದು ತುಂಬಿದ್ದೆ. ಆ ಐದು ಮಕ್ಕಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನೆಮ್ಮದಿಯಲ್ಲೇ ವಿಮಾನ ಹತ್ತಿದ್ದೆ.

ಒಬ್ಬಳೇ ಇದ್ದ ತರಗತಿ

ಕಣಿವೆಯ ಕೆಳಗಿನ ಶಾಲೆಯಲ್ಲಿ ಓದುತ್ತಿದ್ದದ್ದು ಒಂದೇ ಮಗು. ಯುಯಿ ಎಂಬ ಹುಡುಗಿ, ಮೂರನೇ ತರಗತಿ. ಅವಳ ಕೋಣೆಯ ಗೋಡೆಗೆ ಚೀಲ ತೂಗುಹಾಕುವ ಮೂವತ್ತು ಕೊಕ್ಕೆಗಳಿದ್ದವು. ಒಂದರಲ್ಲಿ ಕೆಂಪು ಚೀಲ ತೂಗುತ್ತಿತ್ತು. ಉಳಿದ ಇಪ್ಪತ್ತೊಂಬತ್ತನ್ನೂ ಯಾರೋ ದಿನಾ ಒರೆಸುತ್ತಾರೆ ಎಂದು ಹೊಳಪಿನಿಂದಲೇ ಗೊತ್ತಾಗುತ್ತಿತ್ತು.

ಅಂದು ಅಲ್ಲಿ ಸಂಶೋಧನಾ ಪಾಠವಿತ್ತು. ಒಬ್ಬ ಶಿಕ್ಷಕಿ ಪಾಠ ಮಾಡುತ್ತಾಳೆ. ಸುತ್ತಲಿನ ಶಾಲೆಗಳ ಶಿಕ್ಷಕರೂ ಸಂಶೋಧಕರೂ ನಿಂತು ನೋಡಿ ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಚರ್ಚಿಸುತ್ತಾರೆ. ನಮ್ಮಲ್ಲೂ ತಪಾಸಣೆ ಇದೆ. ಆದರೆ ನಾವು ನೋಡುವುದು ಮೇಷ್ಟ್ರನ್ನು: ಹಲಗೆ ಬರಹ ಹೇಗಿದೆ, ಪಾಠಟಿಪ್ಪಣಿ ಇದೆಯೇ, ಕಲಿಕಾ ಸಾಮಗ್ರಿ ಬಳಸಿದರೇ. ಇಲ್ಲಿ ಒಬ್ಬರೂ ಶಿಕ್ಷಕಿಯ ಕಡೆ ತಿರುಗಲಿಲ್ಲ. ಹನ್ನೊಂದು ಜನ ದೊಡ್ಡವರು, ನಮ್ಮಿಬ್ಬರನ್ನೂ ಸೇರಿಸಿ, ಗೋಡೆಗೆ ಒರಗಿ ನಿಂತು ಆ ಮಗುವನ್ನೇ ನೋಡುತ್ತಿದ್ದೆವು. ಅವಳು ಪೆನ್ಸಿಲ್ ಎತ್ತಿದರೆ ಹತ್ತು ಪೆನ್ನುಗಳು ಬರೆಯುತ್ತಿದ್ದವು. ಕಿಟಕಿಯ ಕಡೆ ನೋಡಿದರೆ ಮತ್ತೆ ಬರೆಯುತ್ತಿದ್ದವು. ಅವಳು ಉಸಿರು ಬಿಟ್ಟದ್ದನ್ನೂ ಒಬ್ಬರು ಗಂಟೆ ನಿಮಿಷ ಹಾಕಿ ಬರೆದುಕೊಂಡದ್ದನ್ನು ನೋಡಿದೆ.

"ನಮ್ಮಲ್ಲಿ ಅರವತ್ ಮಕ್ಳ ಮ್ಯಾಕೆ ಎಲ್ಡೇ ಕಣ್ಣು," ಅರುಳಪ್ಪನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇಲ್ಲಿ ಒಂದು ಮಗೀಗೆ ಇಪ್ಪತ್ತೆಲ್ಡು ಕಣ್ಣು. ಎದ್ರುಕೊಳ್ಳಕಿಲ್ವಾ ಅದು?"

ಅವಳು ಹೆದರಿರಲಿಲ್ಲ. ಅಭ್ಯಾಸವಾಗಿತ್ತು. ಅದರಿಂದಲೇ ನನಗೆ ಕಸಿವಿಸಿಯಾಯಿತು.

ಲೆಕ್ಕ ಸುಲಭದ್ದು. ಇಪ್ಪತ್ತಮೂರು ಮಕ್ಕಳು ಕೆರೆ ದಾಟಬೇಕು. ಒಂದು ದೋಣಿಗೆ ನಾಲ್ವರು. ಎಷ್ಟು ದೋಣಿ ಬೇಕು? ಯುಯಿ ದೋಣಿಗಳನ್ನು ಬಿಡಿಸಿ, ಒಂದೊಂದರಲ್ಲೂ ನಾಲ್ಕು ತಲೆ ಇಟ್ಟು, 'ಐದು' ಎಂದು ಬರೆದಳು. ದಡದಲ್ಲಿ ಮೂರು ತಲೆ ಉಳಿದವು. ಶಿಕ್ಷಕಿ ಕೇಳಿದಳು, "ಈ ಮೂವರು?" ಉತ್ತರ ಆರು ದೋಣಿ ಎಂದು ಬರಬೇಕಿತ್ತು.

ಯುಯಿ ಬಹಳ ಹೊತ್ತು ಚಿತ್ರ ನೋಡಿದಳು. ಏನೋ ಹೇಳಿದಳು. ಕೋಣೆಯಲ್ಲಿ ಪೆನ್ನುಗಳು ನಿಂತವು. ಕೇಯ್ಕೊ ನನಗೆ ಹೇಳುವಾಗ ಅವಳ ದನಿಯೂ ಸಣ್ಣದಾಗಿತ್ತು. "ಈ ಮೂವರು ಇಲ್ಲೇ ಇರಲಿ ಎನ್ನುತ್ತಿದ್ದಾಳೆ. ಎಲ್ಲರೂ ಹೋಗಿಬಿಟ್ಟರೆ ನನ್ನ ಜೊತೆ ಆಡುವವರು ಯಾರು ಅಂತ."

ಊಟದ ಹೊತ್ತಿಗೆ ಯುಯಿ ಬಿಳಿ ಟೋಪಿ ಹಾಕಿಕೊಂಡು ನಮಗೆಲ್ಲ ಅನ್ನ, ಸಾರು ಬಡಿಸಿದಳು. ನಮ್ಮ ಬಿಸಿಯೂಟದಲ್ಲಿ ತಟ್ಟೆಗಳ ಗಲಾಟೆಗೆ ಕಿವಿ ಮುಚ್ಚಿಕೊಳ್ಳಬೇಕು. ಇಲ್ಲಿ ಸೌಟು ಪಾತ್ರೆಗೆ ತಾಕಿದ ಸದ್ದೂ ಕೋಣೆಯ ಮೂಲೆಯವರೆಗೆ ಹೋಗಿ ಬರುತ್ತಿತ್ತು. ಆಮೇಲಿನ ಎರಡು ಗಂಟೆ ಆ ಒಂದು ಮಾತನ್ನೇ ಚರ್ಚಿಸಿದರು. ಅದು ಗಣಿತದ ತಪ್ಪೇ? ಶಿಕ್ಷಕಿ ಆಗ ಸುಮ್ಮನಿದ್ದದ್ದು ಸರಿಯೇ? ಒಬ್ಬ ವಯಸ್ಸಾದ ಶಿಕ್ಷಕರು ಹೇಳಿದರು: "ನಾವು ದೋಣಿ ಎಷ್ಟು ಎಂದು ಕೇಳಿದೆವು. ಮಗು ತನಗೆ ಗೊತ್ತಿದ್ದದ್ದನ್ನು ಹೇಳಿತು." ನಾನು ಅದನ್ನು ಬರೆದುಕೊಂಡೆ. ಅದು ನನಗೇ ಹೇಳಿದ ಮಾತು ಎಂದು ಮಾತ್ರ ಆಗ ಅನ್ನಿಸಲಿಲ್ಲ.

ಬೆಟ್ಟದ ಮೇಲೆ, ಮಲಗಿರುವ ಶಾಲೆ

ಮಧ್ಯಾಹ್ನದ ಮೇಲೆ ಕೇಯ್ಕೊ ನಮ್ಮನ್ನು ಇನ್ನೊಂದು ಶಾಲೆಗೆ ಹತ್ತಿಸಿಕೊಂಡು ಹೋದಳು. ಮಂಜು ಇಳಿಯುತ್ತಿತ್ತು. ಅಲ್ಲಿ ಮಕ್ಕಳೇ ಇಲ್ಲ, ಆದರೆ ಶಾಲೆ ಮುಚ್ಚಿಲ್ಲ ಎಂದಳು. ಅವರ ನಿಯಮದಲ್ಲಿ ತೆರೆದ ಶಾಲೆಗೂ ಮುಚ್ಚಿದ ಶಾಲೆಗೂ ನಡುವೆ ಇನ್ನೊಂದು ಸ್ಥಿತಿ ಇದೆಯಂತೆ. ಶಾಲೆ ವಿಶ್ರಾಂತಿಯಲ್ಲಿದೆ ಎಂದು ಬರೆದುಕೊಳ್ಳುತ್ತಾರೆ. ಮಗುವಿರುವ ಒಂದು ಕುಟುಂಬ ಊರಿಗೆ ಮರಳಿದರೆ ಮತ್ತೆ ಎಬ್ಬಿಸುವ ಆಸೆ. "ನಮ್ಮಲ್ಲಿ ಬೀಗ ಜಡುದ್ರೆ ಮಾರ್ನೆ ವರ್ಷಕ್ಕೆ ಕಿಟಕಿನೂ ಇರಕಿಲ್ಲ," ಎಂದರು ಅರುಳಪ್ಪನವರು.

ಬಾಗಿಲಲ್ಲಿ ಷೂ ಬಿಟ್ಟೆವು. ಮರದ ಗೂಡುಗಳಲ್ಲಿ ಮಕ್ಕಳ ಅಳತೆಯ ಚಪ್ಪಲಿಗಳು ಸಾಲಾಗಿ ಜೋಡಿಸಿದ್ದವು. ಗೋಡೆ ಗಡಿಯಾರ ಸರಿಯಾದ ಗಂಟೆ ತೋರಿಸುತ್ತಿತ್ತು. ಕ್ಯಾಲೆಂಡರ್ ಈ ತಿಂಗಳದ್ದೇ. ನೆಲ ಎಷ್ಟು ನುಣುಪೆಂದರೆ ನಮ್ಮ ಕಾಲಿನ ನೆರಳು ಅದರಲ್ಲಿ ನಡೆಯುತ್ತಿತ್ತು.

ಆಗ ಮೇಲಿನ ಮಹಡಿಯಿಂದ ಮಕ್ಕಳ ದನಿ ಕೇಳಿತು.

ಹತ್ತು ಹದಿನೈದು ಮಕ್ಕಳು ಒಟ್ಟಿಗೆ ಓದುತ್ತಿದ್ದರು. ನಡುವೆ ಒಬ್ಬ ಗಂಡಸಿನ ಪ್ರಶ್ನೆ. ಮತ್ತೆ ಒಂದೇ ಕೊರಳಿನ ಉತ್ತರ. ಯಾರೋ ಕಿಸಕ್ಕನೆ ನಕ್ಕರು. ಬೆಂಚು ಎಳೆದ ಸದ್ದು. ನಾನು ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡೆ. ಅರುಳಪ್ಪನವರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಮಕ್ಳು ಇಲ್ಲ ಅಂದ್ರಲ್ಲ ಮೇಡಂ ಇವ್ರು?"

ಕೇಯ್ಕೊ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು. ನಾವು ಅವಳ ಹಿಂದೆ ಹೋದೆವು. ಕೊನೆಯ ಕೋಣೆಯ ಬಾಗಿಲು ಸರಿಸಿದಳು. ಹದಿನೇಳು ಖಾಲಿ ಕುರ್ಚಿಗಳು. ಮೇಜಿನ ಹತ್ತಿರ ಮುದುಕರೊಬ್ಬರು ಕೂತಿದ್ದರು. ಎದುರಿಗೆ ಹಳೆಯ ಕ್ಯಾಸೆಟ್ ಪ್ಲೇಯರ್, ತೆರೆದ ನೋಟ್‌ಬುಕ್ಕು. ಮಕ್ಕಳು ಆ ಪೆಟ್ಟಿಗೆಯಲ್ಲಿದ್ದರು.

ಅವರು ಮೊರಿತಾ, ಆ ಶಾಲೆಯ ಕೊನೆಯ ಮುಖ್ಯ ಶಿಕ್ಷಕರು. ಬೀಗದ ಕೈ ಈಗಲೂ ಅವರದೇ ಬಳಿ. ಪ್ಲೇಯರ್ ನಿಲ್ಲಿಸಿ, ಎದ್ದು ಬಾಗಿ ನಮಸ್ಕರಿಸಿದರು. ಕೇಯ್ಕೊ ಅವರ ಮಾತನ್ನು ನಮಗೆ ಹೇಳುತ್ತ ಹೋದಳು. ಆ ಶಾಲೆಯಲ್ಲಿ ಪ್ರತಿ ವರ್ಷ ಕೆಲವು ಪಾಠಗಳನ್ನು ಸಂಶೋಧನೆಗೆಂದು ಧ್ವನಿಮುದ್ರಿಸುತ್ತಿದ್ದರಂತೆ. ಆಮೇಲೆ ಶಿಕ್ಷಕರೇ ಕೂತು, ಒಂದೊಂದು ಮಗು ಹೇಳಿದ ಒಂದೊಂದು ಮಾತನ್ನೂ ಬರೆದಿಡಬೇಕು. ಕೇಳಿಸದ ಮಾತಿಗೆ ಮೂರು ಚುಕ್ಕಿ.

"ಕೆಲಸದಲ್ಲಿದ್ದಾಗ ಆತುರ," ಎಂದರು ಮೊರಿತಾ. "ಬಹಳ ಚುಕ್ಕಿ ಇಟ್ಟುಬಿಟ್ಟೆ. ಈಗ ಬಿಡುವಾಗಿದೆ. ಒಂದೊಂದಾಗಿ ತುಂಬುತ್ತಿದ್ದೇನೆ."

ಅಂಥ ಚುಕ್ಕಿ ಇಟ್ಟ ಒಂದು ಜಾಗವನ್ನು ನಮಗೆ ಕೇಳಿಸುವೆನೆಂದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದರು. ಮೂವತ್ತು ವರ್ಷದ ಹಿಂದಿನ ಅವರದೇ ದನಿ, ಗಟ್ಟಿಯಾದದ್ದು, ಏನೋ ಕೇಳಿತು. ಮಕ್ಕಳೆಲ್ಲ "ಹಾಯ್!" ಎಂದರು. "ಎಲ್ಲರಿಗೂ ಅರ್ಥವಾಯಿತೇ ಎಂದೆ; ಹೂಂ ಎಂದರು," ಎಂದು ವಿವರಿಸಿ, ಮತ್ತೆ ತಿರುಗಿಸಿ, ಬೆರಳು ಎತ್ತಿದರು. ಆ 'ಹಾಯ್' ಎಂಬುದರ ಅಡಿಯಲ್ಲಿ, ತುಂಬ ಕೆಳಗೆ, ಒಂದು ಪುಟ್ಟ ದನಿ ಇತ್ತು. ನನಗೆ ಮೂರನೇ ಸಲಕ್ಕೆ ಕೇಳಿತು.

"ವಕರಾನಾಯ್," ಎಂದಳು ಕೇಯ್ಕೊ. "ಗೊತ್ತಾಗಲಿಲ್ಲ ಎಂದು."

"ಯಾವ ಮಗು?" ನಾನು ಕೇಳಿದೆ.

ಮೊರಿತಾ ಹದಿನೇಳು ಕುರ್ಚಿಗಳನ್ನು ಒಂದರ ನಂತರ ಒಂದು ನೋಡಿದರು. "ಆ ದಿನ ಹದಿನೇಳೂ ಮಕ್ಕಳು ಬಂದಿದ್ದರು. ಹದಿನೇಳು ದನಿಯೂ ನನಗೆ ಗೊತ್ತು. ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ." ನೋಟ್‌ಬುಕ್ಕಿನ ಪುಟ ನಮ್ಮ ಕಡೆ ತಿರುಗಿಸಿದರು. ಮಾತು ತುಂಬಿದ್ದರು, ಹೆಸರಿನ ಜಾಗ ಖಾಲಿ ಇತ್ತು. "ಇದು ಅವರಲ್ಲಿ ಯಾರದೂ ಅಲ್ಲ."

ಅಷ್ಟರಲ್ಲಿ ಹೊರಗಿನ ಮಂಜಿನಿಂದ ಸಂಗೀತ ಕೇಳಿ ನಾನು ಬೆಚ್ಚಿಬಿದ್ದೆ. ಐದು ಗಂಟೆಯಾಗಿತ್ತು. ಕಣಿವೆಯ ಕಂಬಗಳ ಮೇಲಿನ ಧ್ವನಿವರ್ಧಕಗಳು ಒಂದು ಹಾಡಿನ ರಾಗ ನುಡಿಸುತ್ತಿದ್ದವು. ಹೊರಗೆ ಆಡುತ್ತಿರುವ ಮಕ್ಕಳು ಮನೆಗೆ ಹೋಗಲಿ ಎಂದು ದಿನಾ ನುಡಿಸುವುದಂತೆ. ರಾಗ ಖಾಲಿ ಮನೆಗಳ ಮೇಲೆ ಹಾದು, ಎದುರು ಬೆಟ್ಟಕ್ಕೆ ಬಡಿದು, ತುಸು ತಡವಾಗಿ ನಮ್ಮ ಕಡೆಗೇ ಹಿಂದಿರುಗಿತು.

ಮರಳುವ ರೈಲು

ಮರುದಿನ ಬೆಳಿಗ್ಗೆ ರೈಲಿನಲ್ಲಿ ಕೂತಾಗಲೂ ಆ ಪುಟ್ಟ ದನಿ ನನ್ನನ್ನು ಬಿಟ್ಟಿರಲಿಲ್ಲ. ಆಗ ಒಂದು ವಿಷಯ ನೆನಪಾಯಿತು. ಪೋಡಿನ ಪೋಷಕರ ಸಭೆಯನ್ನು ನಾನೂ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ನಡಾವಳಿ ಬರೆಯಲು ಬೇಕಾದೀತು ಎಂದು. ಬೇಕಾಗಿರಲಿಲ್ಲ, ಕೇಳಿಯೇ ಇರಲಿಲ್ಲ.

ಕೇಯ್ಕೊ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಇಯರ್‌ಫೋನಿನ ಒಂದು ತುದಿ ನಾನು ಇಟ್ಟುಕೊಂಡು ಇನ್ನೊಂದನ್ನು ಅರುಳಪ್ಪನವರಿಗೆ ಕೊಟ್ಟೆ. ಅಂದಿನ ಸಭೆಗೆ ಅವರೂ ಬಂದಿದ್ದರು. ಜೀಪಿನ ಸದ್ದು, ಕೋಳಿ, ಯಾರದೋ ಕೆಮ್ಮು. ಉಳಿದದ್ದೆಲ್ಲ ನಾನೇ. ದೊಡ್ಡ ಶಾಲೆ, ಕಂಪ್ಯೂಟರು, ಆಟದ ಮೈದಾನ, ಜೀಪು. ಅಷ್ಟು ಹೊತ್ತು ನಾನೊಬ್ಬಳೇ ಮಾತಾಡಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ನನ್ನ ದನಿ: "ಹಂಗಾದ್ರೆ ಎಲ್ರೂ ಒಪ್ಪಿದ್ದೀರಿ, ಅಲ್ವಾ?" ಮತ್ತೆ ಜನರ "ಊಂ ಮಿಸ್."

ನನ್ನ 'ಒಪ್ಪಿದ್ದೀರಿ'ಗೂ 'ಅಲ್ವಾ'ಗೂ ನಡುವೆ ಏನೋ ಇತ್ತು. ಹಿಂದಕ್ಕೆ ಎಳೆದೆ. ಮತ್ತೆ ಕೇಳಿದೆ. ಶಬ್ದ ಜೋರು ಮಾಡಿ ಕಣ್ಣು ಮುಚ್ಚಿದೆ.

"ಅಲ್ಲಿ ನಾವು ಮಾತಾಡುದ್ರೆ ನಗಾಡ್ತರ ಮಿಸ್."

ಒಂದು ಹುಡುಗಿಯ ದನಿ. ಅವಳ 'ಮಿಸ್' ಮುಗಿಯುವ ಮೊದಲೇ ನನ್ನ 'ಅಲ್ವಾ' ಅದರ ಮೇಲೆ ಬಿದ್ದಿತ್ತು.

ಆ ಶಾಲೆಯ ಐದೂ ಮಕ್ಕಳನ್ನು ನಾನು ಅಂದು ಓದಿಸಿ ನೋಡಿದ್ದೆ. ಎಲ್ಲರೂ ಒಂದು, ಎರಡು, ಮೂರನೇ ಕ್ಲಾಸಿನವರು, ಹಾಲುಹಲ್ಲಿನ ಮಾತು. ಈ ದನಿ ದೊಡ್ಡ ಹುಡುಗಿಯದು. ಅಂಥವಳು ಯಾರೂ ಅಲ್ಲಿರಲಿಲ್ಲ. ಮೊರಿತಾ ಅವರ ನೋಟ್‌ಬುಕ್ಕಿನ ಖಾಲಿ ಜಾಗ ಕಣ್ಣ ಮುಂದೆ ಬಂತು.

"ಸಾರ್, ಇದು ಆ ಐದು ಮಕ್ಕಳಲ್ಲಿ ಯಾರದೂ ಅಲ್ಲ," ಎಂದೆ.

ಅರುಳಪ್ಪನವರು ಇಯರ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಿಟಕಿಯ ಕಡೆ ಮುಖ ತಿರುಗಿಸಿದರು.

"ಅದು ಯಾರ ದನಿ ಅಂತ ನಂಗೊತ್ತು ಮೇಡಂ. ಮಾದೇವಿ. ಆ ಪೋಡಿನವಳೇ. ನಮ್ ಸ್ಕೂಲಲ್ಲಿ ಅವಳೆ."

"ನಿಮ್ಮ ಸ್ಕೂಲಲ್ಲಿ ನಾನು ನೋಡಿಲ್ಲವಲ್ಲ."

"ನೋಡಕಾಯ್ತದಾ? ರಿಜಿಸ್ಟರ್ನಲ್ಲಿ ಅವಳೆ." ಅವರು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. "ಎಲ್ಡು ವರ್ಷದ ಇಂದೆ ಅವ್ರಪ್ಪ ತಂದು ಸೇರ್ಸುದ್ರು. ಹನ್ನೆಲ್ಡು ದಿವ್ಸ ಬಂದ್ಳು. ಆಮ್ಯಾಕೆ ಬರ್ನೇ ಇಲ್ಲ. ಹೆಸ್ರು ಹೊಡ್ದಾಕುದ್ರೆ ಸ್ಕೂಲ್ ಬಿಟ್ಟ ಮಕ್ಳ ಲೆಕ್ಕಕ್ಕೆ ಓಯ್ತದೆ, ಮೇಲಿಂದ ನೂರೆಂಟು ಪ್ರಶ್ನೆ. ಇರ್ಲಿ ಅಂತ ಬುಟ್ಟೆ. ಹಾಜ್ರಿ ಹಾಕ್ತಾನೇ ಬಂದ್ವಿ. ಈ ಸಲ ಆರ್ನೇ ಕ್ಲಾಸ್ಗೆ ಪಾಸೂ ಮಾಡ್ದೋ."

ರೈಲು ಒಂದು ಸುರಂಗ ಹೊಕ್ಕಿತು. ಕಿಟಕಿಯ ಗಾಜಿನಲ್ಲಿ ನಮ್ಮಿಬ್ಬರ ಮುಖಗಳು ಕಂಡವು. ಬೆಟ್ಟದ ಮೇಲೆ ಕಂಡ ಶಾಲೆಯಲ್ಲಿ ಮಕ್ಕಳಿಲ್ಲ, ಇಲ್ಲವೆಂದು ಬರೆದುಕೊಂಡಿದ್ದಾರೆ. ನಮ್ಮಲ್ಲೊಬ್ಬ ಹುಡುಗಿ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಾಗಿ, ಸಂಜೆ ಮನೆಗೆ ಹೋಗಿ, ಪರೀಕ್ಷೆ ಬರೆದು ಮುಂದಿನ ತರಗತಿಗೆ ಹೋಗುತ್ತಿದ್ದಳು, ಯಾರ ಕಣ್ಣಿಗೂ ಬೀಳದೆ. ಆ ಹಾಜರಿಯನ್ನು ನೋಡಿ, ಪೋಡಿನ ಮಕ್ಕಳು ದೊಡ್ಡ ಶಾಲೆಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು ವರದಿಯಲ್ಲಿ ಬರೆದವಳು ನಾನು.

ಪೋಡು

ಕೊಳ್ಳೇಗಾಲದ ಮನೆಗೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ಹನೂರಿನ ಕಚೇರಿಗೆ ಹೋಗಿ ವರದಿಯನ್ನು ಮರುಪರಿಶೀಲನೆಗೆ ವಾಪಸು ಕೇಳಿದೆ. "ಒಪ್ಪಿಗೆ ಕಾಲಮ್ ತುಂಬಿದೆಯಲ್ಲ ಮೇಡಂ, ಇನ್ನೇನು?" ಎಂದರು ಅಲ್ಲಿಯವರು. ತುಂಬಿದ್ದು ತಪ್ಪು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಮುಂದೇನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಆ ಶಾಲೆಯನ್ನು ಈ ವರ್ಷ ಮುಚ್ಚಿಲ್ಲ. ಮುಂದಿನ ವರ್ಷದ್ದು ನನಗೆ ಗೊತ್ತಿಲ್ಲ. ಅರುಳಪ್ಪನವರು ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದರು. ಅವರಿಗೆ ನೋಟಿಸ್ ಬಂತು. ಉತ್ತರ ಕೊಟ್ಟಿದ್ದಾರೆ. ನನಗೂ ಬಂದಿದೆ. ಮಾದೇವಿ ಈಗ ಪೋಡಿನ ಶಾಲೆಯ ಐದು ಚಿಕ್ಕ ಮಕ್ಕಳ ಜೊತೆ ಹೋಗಿ ಕೂರುತ್ತಾಳೆ. ಅವಳ ಹೆಸರು ಯಾವ ತರಗತಿಯಲ್ಲಿರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ವರದಿ ವಾಪಸು ಕೇಳಿದ ಮರುದಿನವೇ, ಈ ನೋಟಿಸುಗಳಿಗೆಲ್ಲ ಮೊದಲು, ನಾವಿಬ್ಬರೂ ಪೋಡಿಗೆ ಹೋದೆವು. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದೆವು. ಬೆಳಗಿನ ಮಂಜು ಇನ್ನೂ ಲಂಟಾನದ ಪೊದೆಗಳ ಮೇಲೆ ಕೂತಿತ್ತು. ಮೊದಲ ಮನೆಯ ಮುಂದೆ ಕೇತಮ್ಮ ಎಂಬ ಅಜ್ಜಿ ರಾಗಿ ಕೇರುತ್ತಿದ್ದರು.

"ಅಜ್ಜಿ, ಮಾದೇವಿ ಇದ್ದಾಳಾ?"

"ನನ್ ಮೊಮ್ಮಗ್ಳು ಕಣವ್ವ. ಯಾನ ಮಾಡೀಯೆ ಅವ್ಳ ತಕಂಡು? ಅವ್ಳು ಯಾರ್ ತಾವೂ ಮಾತಾಡಕಿಲ್ಲ. ಆ ಇಸ್ಕೂಲಿಂದ ಬಂದ್ಮ್ಯಾಲೆ ಬಾಯಿ ಕಟ್ಕಂಡವ್ಳೆ."

"ನಾವು ಸಭೆ ಮಾಡಿದ ದಿನ ಎಲ್ಲಿದ್ದಳು?"

ಅಜ್ಜಿ ಶಾಲೆಯ ಕಡೆ ಕೈ ತೋರಿಸಿದರು. "ದಿನಾ ಅಲ್ಲೇ. ಗ್ವಾಡೆ ಇಂದ್ಗಡೆ ಕುಂತ್ಕಂಡು ಒಳ್ಗಡೆ ಯೋಳೋದ ಕೇಳ್ತಾ ಇರ್ತಾಳೆ."

ಶಾಲೆಯ ಹಿಂದುಗಡೆಗೆ ಹೋದೆವು. ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಹನ್ನೊಂದು ವರ್ಷದ ಹುಡುಗಿ ಕೂತಿದ್ದಳು. ಅವಳು ಕೂತ ಜಾಗದ ಮಣ್ಣು ನುಣ್ಣಗೆ ತಗ್ಗಾಗಿತ್ತು. ಅಂದು ಸಭೆಯಲ್ಲಿ ನಾನು ಬೆನ್ನು ಮಾಡಿ ನಿಂತಿದ್ದದ್ದು ಇದೇ ಕಿಟಕಿಗೆ. ನನ್ನಿಂದ ಮೂರು ಅಡಿ ದೂರದಲ್ಲಿದ್ದಳು.

ಅರುಳಪ್ಪನವರನ್ನು ಕಂಡು ಅವಳು ಎದ್ದು ಓಡಲು ನೋಡಿದಳು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಓಡ್ಬ್ಯಾಡ ಕಣವ್ವ. ಕರ್ಕೊಂಡೋಗಕೆ ಬಂದಿಲ್ಲ. ತಪ್ಪಾಯ್ತು ಅಂತ ಯೋಳಕೆ ಬಂದೆ."

ಹುಡುಗಿ ನಿಂತಳು. ನಾನೂ ಮಣ್ಣಿನಲ್ಲಿ ಕೂತೆ. ಫೋನ್ ತೆಗೆದು ಅವಳ ಮಾತಿರುವ ಜಾಗವನ್ನು ಕೇಳಿಸಿದೆ. ತನ್ನದೇ ದನಿ ಫೋನಿನೊಳಗಿನಿಂದ ಬಂದಾಗ ಅವಳ ಕಣ್ಣು ಅಗಲವಾಯಿತು. ಹತ್ತಿರ ಬಂದಳು. ಇನ್ನೊಂದು ಸಲ ಎಂದು ಬೆರಳು ತೋರಿಸಿದಳು. ಕಿವಿಗೆ ಹಿಡಿದು ಮತ್ತೆ ಕೇಳಿದಳು. ಆಮೇಲೆ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ನಿಮ್ ದನಿ ಜೋರಾಗಿ ಅದ ಮಿಸ್," ಎಂದಳು. "ನಂದು ಕೇಳ್ಸಾದೇ ಇಲ್ಲ."

ಗೋಡೆಯಾಚೆ ಚಿಕ್ಕ ಮಕ್ಕಳು ಮಗ್ಗಿ ಹೇಳುತ್ತಿದ್ದರು. ನಾನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅರುಳಪ್ಪನವರೂ ತಲೆ ತಗ್ಗಿಸಿ ಕೂತಿದ್ದರು. ಮಗ್ಗಿ ಮುಗಿಯಿತು, ಬಿಸಿಲು ಕಿಟಕಿಯ ಕೆಳಗಿನವರೆಗೆ ಬಂತು. ಮಾದೇವಿ ತನ್ನ ತಗ್ಗಿನಲ್ಲಿ ಮತ್ತೆ ಕೂತು, ಮೊಣಕಾಲು ತಬ್ಬಿಕೊಂಡು, ನಮ್ಮ ಕಡೆ ನೋಡದೆ, ದೊಡ್ಡ ಶಾಲೆಯ ಆ ಹನ್ನೆರಡು ದಿನಗಳನ್ನು ಮೊದಲನೆಯ ದಿನದಿಂದ ಹೇಳಲು ಶುರು ಮಾಡಿದಳು.